ನೂರಕ್ಕೆ ನಾಲ್ಕು ಕಡಿಮೆ: ಬೌಲರ್ ವೆಂಕಟೇಶ ಪ್ರಸಾದ್ ಕೋಚ್ ಆದ ಕಥೆ

ನಮ್ಮ ಸಂಘದ ಯುಗಾದಿ ಊಟವಾಗಲಿ, ಬೇಸಿಗೆಯ ವನಭೋಜನವಾಗಲಿ, ಬಿಸಿಬೇಳೆಬಾತಿನ ಎರಡನೆಯ ಸುತ್ತು ಮುಗಿಯುವ ಹೊತ್ತಿಗೆ ಕ್ರಿಕೆಟ್ಟಿನ ಮಾತು ಬಂದೇ ಬರುತ್ತದೆ. ಬಂತೆಂದರೆ ಯಾರಾದರೊಬ್ಬರು ಎಲೆಯ ಮುಂದಿನಿಂದ ಕೈ ತೊಳೆಯಲು ಏಳುತ್ತಲೇ ಅಮೀರ್ ಸೊಹೈಲನ ಪ್ರಸಂಗವನ್ನು ಎತ್ತುತ್ತಾರೆ. ಆತ ಬೌಂಡರಿ ಬಾರಿಸಿದ್ದು, ಬ್ಯಾಟು ಚಾಚಿ ಚೆಂಡು ಹೋದ ದಿಕ್ಕನ್ನು ತೋರಿಸಿದ್ದು, ಮರು ಎಸೆತದಲ್ಲೇ ನಮ್ಮ ವೆಂಕಟೇಶ ಪ್ರಸಾದ್ ಆತನ ಆಫ್ ಸ್ಟಂಪನ್ನು ಕಿತ್ತೆಸೆದದ್ದು. ನೂರು ಸಲ ಕೇಳಿದ ಕಥೆ. ಆದರೂ ಸತ್ಯನಾರಾಯಣ ಪೂಜೆಯ ಕಥೆಯಂತೆ ಕೊನೆಯವರೆಗೂ ಕೂತು ಕೇಳುತ್ತೇವೆ.

ಕಳೆದ ಸಲ ಹೀಗೆ ಕಥೆ ಮುಗಿದಾಗ ಇಲ್ಲಿ ಇಂಗ್ಲೆಂಡಿನಲ್ಲೇ ಹುಟ್ಟಿ ಬೆಳೆದ ಹುಡುಗನೊಬ್ಬ, ಶಾಲೆಯ ತಂಡದಲ್ಲಿ ವೇಗದ ಬೌಲಿಂಗ್ ಮಾಡುವವನು, ನಮ್ಮನ್ನು ಒಂದು ಪ್ರಶ್ನೆ ಕೇಳಿದ. "ಆಮೇಲೆ ಅವರು ಏನು ಮಾಡಿದರು ಅಂಕಲ್?" ಅಷ್ಟು ಜನ ಹಿರಿಯರಿದ್ದೆವು, ಒಬ್ಬರ ಬಾಯಲ್ಲೂ ನೆಟ್ಟಗೆ ಉತ್ತರ ಬರಲಿಲ್ಲ. ಒಬ್ಬ ಮನುಷ್ಯನ ಬಾಳನ್ನು ಒಂದು ಚೆಂಡಿಗೆ ಕಟ್ಟಿಹಾಕಿ ಉಳಿದದ್ದನ್ನು ನಾವು ಮರೆತುಬಿಟ್ಟಿದ್ದೆವು. ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಕೊಡುವ ಪ್ರಯತ್ನ ಮಾಡುತ್ತೇವೆ.

ಮೊದಲು ಆ ಚೆಂಡಿನ ವಿಷಯವನ್ನೇ ಮುಗಿಸಿಬಿಡೋಣ. 1996ರ ಮಾರ್ಚ್ 9, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ, ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್. ಭಾರತ 8 ವಿಕೆಟ್ಟಿಗೆ 287 ರನ್ ಮಾಡಿತ್ತು. ಸಿಧು 93 ಹೊಡೆದಿದ್ದರು. ಕೊನೆಯಲ್ಲಿ ಅಜಯ್ ಜಡೇಜ ವಕಾರ್ ಯೂನಿಸರನ್ನು ದಂಡಿಸಿ 25 ಎಸೆತಗಳಲ್ಲಿ 45 ಗಳಿಸಿದ್ದರು. ಪಾಕಿಸ್ತಾನದ ಸಯೀದ್ ಅನ್ವರ್ ಮತ್ತು ಸೊಹೈಲ್ ಆರಂಭದಲ್ಲಿ ಬೀಸಿದ ರೀತಿ ನೋಡಿದರೆ ಆ ಮೊತ್ತವೂ ಸಾಲದೆಂಬಂತಿತ್ತು. ಮೊದಲ ವಿಕೆಟ್ಟಿಗೇ 84 ರನ್. ಅನ್ವರರನ್ನು ಶ್ರೀನಾಥ್ ಔಟ್ ಮಾಡಿದರೂ ಮೊತ್ತ ನೂರು ದಾಟಿ ಓಡುತ್ತಿತ್ತು. ಆಗ ಬಂದದ್ದು ಆ ಎಸೆತ. ಸೊಹೈಲ್ ಹೊರಟ ಮೇಲೆ ಇಜಾಜ್ ಅಹ್ಮದ್ ಮತ್ತು ಇಂಜಮಾಮ್ ಕೂಡ ಪ್ರಸಾದರಿಗೇ ಬಲಿಯಾದರು ಎಂಬುದನ್ನು ನಮ್ಮ ಕಥೆಗಾರರು ಸಾಮಾನ್ಯವಾಗಿ ಹೇಳುವುದಿಲ್ಲ. 45 ರನ್ನಿಗೆ 3 ವಿಕೆಟ್. ಭಾರತಕ್ಕೆ 39 ರನ್ನಿನ ಗೆಲುವು. ಕೋಪದಲ್ಲಿ ಒಂದು ಚೆಂಡು ಸರಿಯಾಗಿ ಬೀಳಬಹುದು. ಆಮೇಲಿನ ಎರಡು ವಿಕೆಟ್ಟು ಕೋಪದಿಂದ ಬರುವುದಿಲ್ಲ, ಕಲಿತ ವಿದ್ಯೆಯಿಂದ ಬರುತ್ತದೆ. ನಾವು ಹೇಳಹೊರಟಿರುವುದು ಆ ವಿದ್ಯೆಯ ಕಥೆಯನ್ನು.

ಬಾಪು ಕೃಷ್ಣರಾವ್ ವೆಂಕಟೇಶ ಪ್ರಸಾದ್ ಹುಟ್ಟಿದ್ದು 1969ರ ಆಗಸ್ಟ್ 5ರಂದು, ಬೆಂಗಳೂರಿನಲ್ಲಿ. ಆ ಕಾಲದ ನಮ್ಮೂರಿನಲ್ಲಿ ಹುಡುಗನೊಬ್ಬ ಬೌಲರ್ ಆಗುತ್ತೇನೆಂದರೆ ಸ್ಪಿನ್ನರ್ ಆಗುತ್ತೇನೆಂದೇ ಅರ್ಥ. ಪ್ರಸನ್ನ, ಚಂದ್ರಶೇಖರ್ ಎಂಬ ಎರಡು ಹೆಸರುಗಳು ಮನೆದೇವರಂತೆ ನೆಲೆಸಿದ್ದ ಊರದು. ದೇಶದ ಒಟ್ಟು ಸ್ಥಿತಿಯೂ ಹಾಗೆಯೇ ಇತ್ತು. ಹೊಸ ಚೆಂಡಿನ ಹೊಳಪು ಹೋಗಲಿ ಎಂದು ಗಾವಸ್ಕರ್, ಸೋಲ್ಕರರಂಥವರು ನಾಲ್ಕಾರು ಓವರು ತಿರುವಿಹಾಕಿ ಸ್ಪಿನ್ನರುಗಳ ಕೈಗೆ ಚೆಂಡು ಒಪ್ಪಿಸುತ್ತಿದ್ದ ದಿನಗಳು. 1978ರಲ್ಲಿ ಕಪಿಲ್ ದೇವ್ ಬಂದ ಮೇಲೆ ಗಾಳಿ ಬದಲಾಯಿತು. ನಮ್ಮವರೇ ಆದ ರೋಜರ್ ಬಿನ್ನಿ 1983ರ ವಿಶ್ವಕಪ್ಪಿನಲ್ಲಿ 18 ವಿಕೆಟ್ ತೆಗೆದು, 1986ರಲ್ಲಿ ಇದೇ ಇಂಗ್ಲೆಂಡಿನ ಲೀಡ್ಸಿನಲ್ಲಿ 40ಕ್ಕೆ 5 ಪಡೆದು, ಕರ್ನಾಟಕದ ನೆಲದಲ್ಲೂ ಸ್ವಿಂಗ್ ಬೆಳೆ ಬರುತ್ತದೆ ಎಂದು ತೋರಿಸಿಕೊಟ್ಟರು. ಆಮೇಲೆ ಮೈಸೂರಿನಿಂದ ಜಾವಗಲ್ ಶ್ರೀನಾಥ್ ಬಂದರು. ಅವರ ಬೆನ್ನಿಗೇ ಪ್ರಸಾದ್.

ಇಬ್ಬರೂ ಎತ್ತರದ ಆಳುಗಳು, ಇಬ್ಬರೂ ಕರ್ನಾಟಕದವರು. ಆದರೆ ಬೌಲಿಂಗಿನಲ್ಲಿ ಅಜಗಜಾಂತರ. ಶ್ರೀನಾಥ್ ನಿಜವಾದ ವೇಗದವರು. ಚೆಂಡು ಒಳಗೆ ನುಗ್ಗಿ ದಾಂಡಿಗನ ಪಕ್ಕೆಲುಬನ್ನು ಕೇಳುತ್ತಿತ್ತು. ಪ್ರಸಾದರಿಗೆ ದೇವರು ಅಷ್ಟು ವೇಗ ಕೊಟ್ಟಿರಲಿಲ್ಲ. ಆದ್ದರಿಂದ ಅವರು ಬುದ್ಧಿಯನ್ನು ಬೆಳೆಸಬೇಕಾಯಿತು. ಅವರು ಬೆಳೆಸಿದ್ದು ಲೆಗ್ ಕಟರ್ ಎಂಬ ಎಸೆತವನ್ನು. ನಮ್ಮ ಮಕ್ಕಳಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಮಾಮೂಲು ಎಸೆತದಲ್ಲಿ ಬೆರಳುಗಳು ಚೆಂಡಿನ ಹಿಂದೆ ನೆಟ್ಟಗೆ ನಿಂತು ತಳ್ಳುತ್ತವೆ. ಲೆಗ್ ಕಟರಿನಲ್ಲಿ ಚೆಂಡು ಕೈ ಬಿಡುವ ಗಳಿಗೆಯಲ್ಲಿ ಬೆರಳುಗಳು ಹೊಲಿಗೆಯ ಮೇಲೆ ಅಡ್ಡ ಸವರಿಕೊಂಡು ಇಳಿಯುತ್ತವೆ. ಇದರಿಂದ ಎರಡು ಕೆಲಸವಾಗುತ್ತದೆ. ಚೆಂಡು ನೆಲಕ್ಕೆ ಬಿದ್ದ ಮೇಲೆ ಬಲಗೈ ದಾಂಡಿಗನಿಂದ ಆಚೆಗೆ ಹೊರಳುತ್ತದೆ. ಜತೆಗೆ ಬೆರಳಿನ ಬಲವೆಲ್ಲ ತಿರುಗಿಸುವುದಕ್ಕೇ ಖರ್ಚಾಗಿ ವೇಗ ಕಡಿಮೆಯಾಗುತ್ತದೆ. ಓಟ ಅದೇ, ತೋಳು ಬೀಸುವ ರಭಸ ಅದೇ. ಬರುವ ಚೆಂಡು ಮಾತ್ರ ತಡವಾಗಿ ಬರುತ್ತದೆ. ದಾಂಡಿಗ ಬ್ಯಾಟು ಬೀಸಿ ಮುಗಿಸಿ ಚೆಂಡಿಗಾಗಿ ಕಾಯುತ್ತ ನಿಂತಿರುತ್ತಾನೆ! ಒಂದು ದಿನದ ಪಂದ್ಯಗಳಲ್ಲಿ ಎಷ್ಟೋ ಮಂದಿ ಹೀಗೆ ಮೋಸಹೋದದ್ದನ್ನು ನಾವೇ ಕಣ್ಣಾರೆ ಕಂಡಿದ್ದೇವೆ.

ಇಂಥ ವಿದ್ಯೆಯಲ್ಲಿ ಒಂದು ವಿಶೇಷವಿದೆ. ವೇಗವನ್ನು ಯಾರೂ ಯಾರಿಗೂ ದಾನ ಮಾಡಲಾಗದು. ಅದು ಹುಟ್ಟಿನೊಡನೆ ಬಂದದ್ದು. ಬೆರಳಿನ ಕೆಲಸವನ್ನಾದರೆ ಹೇಳಿಕೊಡಬಹುದು. ಪ್ರಸಾದರು ಮುಂದೆ ಕೋಚ್ ಆದದ್ದಕ್ಕೆ ಬೀಜ ಇಲ್ಲೇ ಇದೆ ಎಂದು ನಮಗೆ ತೋರುತ್ತದೆ.

ಅವರಿಗೂ ಹೇಳಿಕೊಟ್ಟವರಿದ್ದರು. 1987ರಲ್ಲಿ ಮದ್ರಾಸಿನಲ್ಲಿ ಎಂ.ಆರ್.ಎಫ್. ಟೈರು ಕಂಪನಿಯವರು ವೇಗದ ಬೌಲರುಗಳಿಗಾಗಿಯೇ ಒಂದು ಶಾಲೆ ತೆರೆದು ಆಸ್ಟ್ರೇಲಿಯದ ಡೆನ್ನಿಸ್ ಲಿಲ್ಲಿಯವರನ್ನು ಗುರುವಾಗಿ ಕರೆತಂದರು. ದಿನದಿನದ ಪಾಠಕ್ಕೆ ಟಿ. ಎ. ಶೇಖರ್ ಇದ್ದರು. ಲಿಲ್ಲಿ ಎಂದರೆ ಸಾಮಾನ್ಯರಲ್ಲ. ಪರ್ತ್ ನಗರದಿಂದ ಬಂದ ಅವರು ಪ್ರಪಂಚವನ್ನೇ ನಡುಗಿಸುತ್ತಿದ್ದಾಗ 1973ರಲ್ಲಿ ಬೆನ್ನುಮೂಳೆ ಸೀಳುಬಿಟ್ಟು, ಇನ್ನು ಇವರ ಕಥೆ ಮುಗಿಯಿತು ಎಂದುಕೊಂಡವರೇ ಹೆಚ್ಚು. ಅವರು ಪಟ್ಟು ಬಿಡದೆ ಮೈಯನ್ನು ಮತ್ತೆ ಕಟ್ಟಿ, ಬೌಲಿಂಗಿನ ರೀತಿಯನ್ನೇ ತಿದ್ದಿಕೊಂಡು ಹಿಂತಿರುಗಿದರು. 1984ರಲ್ಲಿ ಟೆಸ್ಟ್ ಆಟಕ್ಕೆ ವಿದಾಯ ಹೇಳಿದಾಗ ಅವರ 355 ವಿಕೆಟ್ಟುಗಳು ಆಗಿನ ವಿಶ್ವದಾಖಲೆ. ತಾನೇ ಮುರಿದು ಮತ್ತೆ ಕಟ್ಟಿಕೊಂಡವನಿಗೆ ಇನ್ನೊಬ್ಬನ ಮೈ ಎಲ್ಲಿ ಮುರಿಯಬಹುದೆಂಬುದು ಗೊತ್ತಿರುತ್ತದೆ. ಅಂದಹಾಗೆ, ವೇಗದ ಬೌಲರ್ ಆಗಬೇಕೆಂದು ಆ ಶಾಲೆಗೆ ಬಂದ ಬೊಂಬಾಯಿಯ ಗುಂಗುರು ಕೂದಲ ಹುಡುಗನೊಬ್ಬನನ್ನು ಅವರು ಬ್ಯಾಟಿಂಗ್ ಕಡೆ ಗಮನ ಕೊಡು ಎಂದು ಕಳಿಸಿದರು. ಆತ ಸಚಿನ್ ತೆಂಡುಲ್ಕರ್! ಆ ಶಾಲೆಯಲ್ಲಿ ಪಳಗಿದವರಲ್ಲಿ ನಮ್ಮ ಶ್ರೀನಾಥ್, ಪ್ರಸಾದ್ ಇಬ್ಬರೂ ಸೇರಿದ್ದಾರೆ.

1990-91ರಲ್ಲಿ ಕರ್ನಾಟಕ ತಂಡಕ್ಕೆ ಬಂದ ಪ್ರಸಾದ್, 1994ರ ಏಪ್ರಿಲಿನಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಲ್ಲಿ ಮೊದಲ ಅಂತರರಾಷ್ಟ್ರೀಯ ಒಂದು ದಿನದ ಪಂದ್ಯ ಆಡಿದರು. ಟೆಸ್ಟ್ ಟೋಪಿಗೆ ಇನ್ನೆರಡು ವರ್ಷ ಕಾಯಬೇಕಾಯಿತು. ಅದು ಸಿಕ್ಕಿದ್ದು ನಮ್ಮ ಈ ದೇಶದಲ್ಲೇ, 1996ರ ಜೂನಿನಲ್ಲಿ, ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ನಿನಲ್ಲಿ. ಅದೇ ದಿನ ಗದಗಿನ ಸುನಿಲ್ ಜೋಶಿ, ಮುಂಬಯಿಯ ಪಾರಸ್ ಮ್ಹಾಂಬ್ರೆ, ಪಂಜಾಬಿನ ವಿಕ್ರಮ್ ರಾಥೋಡ್ ಕೂಡ ಮೊದಲ ಟೆಸ್ಟ್ ಆಡಿದರು. ಈ ನಾಲ್ಕು ಹೆಸರುಗಳನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಆ ಪಂದ್ಯದಲ್ಲಿ ಭಾರತ ಸೋತಿತು. ಮುಂದಿನದು ಲಾರ್ಡ್ಸ್. ಆ ಟೆಸ್ಟನ್ನು ಜನ ಗಂಗೂಲಿಯವರ 131ಕ್ಕೂ ನಮ್ಮ ರಾಹುಲ್ ದ್ರಾವಿಡರ 95ಕ್ಕೂ ನೆನೆಯುತ್ತಾರೆ. ಇಬ್ಬರಿಗೂ ಅದು ಚೊಚ್ಚಲ ಟೆಸ್ಟ್. ಪ್ರಸಾದ್ 76 ರನ್ನಿಗೆ 5 ವಿಕೆಟ್ ಪಡೆದದ್ದು ಆ ಸಂಭ್ರಮದಲ್ಲಿ ಬದಿಗೆ ಸರಿಯಿತು. ಲಾರ್ಡ್ಸಿನ ಡ್ರೆಸಿಂಗ್ ಕೋಣೆಯ ಗೌರವ ಫಲಕದಲ್ಲಿ ನೂರು ಹೊಡೆದವರ ಮತ್ತು ಐದು ವಿಕೆಟ್ ಪಡೆದವರ ಹೆಸರು ಬರೆಸುತ್ತಾರೆ. ದ್ರಾವಿಡರು ಐದು ರನ್ನಿನಿಂದ ತಪ್ಪಿಸಿಕೊಂಡು ಅದಕ್ಕಾಗಿ 2011ರವರೆಗೆ ಕಾಯಬೇಕಾಯಿತು. ಪ್ರಸಾದರ ಹೆಸರು ಮೊದಲ ಸಲಕ್ಕೇ ಫಲಕಕ್ಕೇರಿತು. ಲಂಡನ್ನಿಗೆ ಬಂದ ನೆಂಟರನ್ನು ಲಾರ್ಡ್ಸ್ ತೋರಿಸಲು ಕರೆದೊಯ್ಯುವ ನಮ್ಮ ಸದಸ್ಯರು ದಯವಿಟ್ಟು ಆ ಹೆಸರನ್ನೂ ತೋರಿಸಿ.

ಅದೇ ವರ್ಷದ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ಡರ್ಬನ್. ಈ ಊರಿನ ಹೆಸರನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಅಲ್ಲಿಯ ಕಿಂಗ್ಸ್‌ಮೀಡ್ ಮೈದಾನದಲ್ಲಿ ಭಾರತದ ಪರವಾಗಿ ಚೆಂಡು ಹಿಡಿದ ನಾಲ್ವರು ಮುಖ್ಯ ಬೌಲರುಗಳು ಶ್ರೀನಾಥ್, ಪ್ರಸಾದ್, ಡೇವಿಡ್ ಜಾನ್ಸನ್ ಮತ್ತು ಅನಿಲ್ ಕುಂಬ್ಳೆ. ನಾಲ್ವರೂ ಕರ್ನಾಟಕದವರು! ದೇಶದ ಬೌಲಿಂಗೆಲ್ಲ ಒಂದೇ ರಾಜ್ಯದ ಹೆಗಲಿನ ಮೇಲೆ. ಮೈದಾನದಲ್ಲಿ ಇವರೆಲ್ಲ ಕನ್ನಡದಲ್ಲೇ ಮಾತಾಡಿಕೊಳ್ಳುತ್ತಿದ್ದರೆಂಬುದನ್ನು ಕೇಳಿ ಹೊರನಾಡಿನಲ್ಲಿರುವ ನಮಗೆ ಆಗುತ್ತಿದ್ದ ಹಿಗ್ಗು ಅಷ್ಟಿಷ್ಟಲ್ಲ.

ಆ ಪಂದ್ಯದಲ್ಲಿ ಪ್ರಸಾದ್ ಮೊದಲ ಸರದಿಯಲ್ಲಿ 60ಕ್ಕೆ 5, ಎರಡನೆಯದರಲ್ಲಿ 93ಕ್ಕೆ 5 ವಿಕೆಟ್ ಪಡೆದರು. ವಿದೇಶದ ನೆಲದಲ್ಲಿ ಒಂದೇ ಟೆಸ್ಟಿನಲ್ಲಿ ಹತ್ತು ವಿಕೆಟ್. ದಕ್ಷಿಣ ಆಫ್ರಿಕ ಗಳಿಸಿದ್ದು 235 ಮತ್ತು 259. ಪುಟಿಯುವ ಆ ಪಿಚ್ಚಿನಲ್ಲೂ ಗೌರವದಿಂದ ಎದುರಿಸಬಹುದಾದ ಮೊತ್ತಗಳು. ಆದರೆ ಅಲನ್ ಡೊನಾಲ್ಡ್ ಮತ್ತು ಜತೆಗಾರರ ಮುಂದೆ ಭಾರತ ಆಡಿದ್ದು 100 ಮತ್ತು 66. ಎರಡನೆಯ ಸರದಿಯಲ್ಲಿ ದ್ರಾವಿಡರ ಔಟಾಗದ 27ರನ್ನು ಬಿಟ್ಟರೆ ಹೇಳಿಕೊಳ್ಳುವಂಥದೇನೂ ಇಲ್ಲ. 328 ರನ್ನಿನ ಸೋಲು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಪ್ರಸಾದರ ಕೈ ಮೊಣಕೈವರೆಗೆ ಕೆಸರಾಗಿತ್ತು, ಮೊಸರು ಸಿಗಲಿಲ್ಲ.

ಮುಂದೆಯೂ ಅದೇ ಹಣೆಬರಹ. 1999ರ ಜನವರಿ, ಚೆನ್ನೈ, ಪಾಕಿಸ್ತಾನದ ವಿರುದ್ಧ ಟೆಸ್ಟ್. ಎರಡನೆಯ ಸರದಿಯಲ್ಲಿ ಶಾಹಿದ್ ಅಫ್ರಿದಿಯ 141ರ ನೆರವಿನಿಂದ ಪಾಕಿಸ್ತಾನ 4 ವಿಕೆಟ್ಟಿಗೆ 275ರಲ್ಲಿತ್ತು. ಚೆಂಡು ಪ್ರಸಾದರ ಕೈಗೆ ಬಂತು. 18 ಎಸೆತ, 5 ವಿಕೆಟ್, ಕೊಟ್ಟ ರನ್ ಸೊನ್ನೆ. ಪಾಕಿಸ್ತಾನ 286ಕ್ಕೆ ಮುಗಿಯಿತು. ಪ್ರಸಾದರಿಗೆ 33ಕ್ಕೆ 6, ಟೆಸ್ಟುಗಳಲ್ಲಿ ಅವರ ಅತ್ಯುತ್ತಮ ಸಾಧನೆ. ಆಮೇಲೇನಾಯಿತೆಂಬುದು ನಮಗೆಲ್ಲ ಗೊತ್ತು. ಬೆನ್ನುನೋವಿನಲ್ಲಿ ಆಡಿದ ತೆಂಡುಲ್ಕರರ 136, ಅವರು ಔಟಾದ ಮೇಲೆ ಸಾಲಾಗಿ ಬಿದ್ದ ವಿಕೆಟ್ಟುಗಳು, 12 ರನ್ನಿನ ಸೋಲು, ಎದ್ದು ನಿಂತು ಗೆದ್ದವರಿಗೆ ಚಪ್ಪಾಳೆ ತಟ್ಟಿದ ಚೆನ್ನೈಯ ಜನ. ಇಷ್ಟೆಲ್ಲದರ ನಡುವೆ ಆ 18 ಎಸೆತಗಳನ್ನು ಯಾರು ನೆನೆದಾರು?

ಗೆಲುವಿನ ಸವಿ ಸಿಕ್ಕಿಯೇ ಇಲ್ಲವೆಂದಲ್ಲ. ಅದೇ ವರ್ಷದ ಜೂನ್ 8, ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್, ವಿಶ್ವಕಪ್. ಅತ್ತ ಕಾರ್ಗಿಲಿನಲ್ಲಿ ಗುಂಡಿನ ಸದ್ದು, ಇತ್ತ ಭಾರತ ಪಾಕಿಸ್ತಾನದ ಪಂದ್ಯ. ನಮ್ಮಲ್ಲಿ ಕೆಲವರು ಬೆಳಗಿನ ಜಾವಕ್ಕೇ ಎದ್ದು, ಪುಳಿಯೋಗರೆ ಕಲಸಿ ಡಬ್ಬಿಗೆ ತುಂಬಿ, ಮಕ್ಕಳನ್ನು ಕಾರಿಗೆ ಹಾಕಿಕೊಂಡು ಹೋಗಿದ್ದೆವು. ಮನಸ್ಸಿನಲ್ಲಿ ಅಳುಕಿತ್ತು. ನಿತ್ಯ ಆಫೀಸಿನಲ್ಲಿ ಒಟ್ಟಿಗೆ ಊಟ ಮಾಡುವ ಪಾಕಿಸ್ತಾನಿ ಗೆಳೆಯರು ಎದುರು ಬಣ್ಣದ ಬಾವುಟ ಹಿಡಿದಿದ್ದರು. ಭಾರತ 6ಕ್ಕೆ 227. ಸಾಲದೇನೋ ಎನ್ನಿಸಿತ್ತು. ಪ್ರಸಾದ್ ಸಯೀದ್ ಅನ್ವರರನ್ನು ತೆಗೆದರು, ಸಲೀಂ ಮಲಿಕರನ್ನು, ಇಂಜಮಾಮರನ್ನು, ಮೋಯಿನ್ ಖಾನರನ್ನು, ವಾಸಿಂ ಅಕ್ರಮರನ್ನು. 27ಕ್ಕೆ 5. ಪಾಕಿಸ್ತಾನ 180ಕ್ಕೆ ಆಲೌಟ್, ಪ್ರಸಾದ್ ಪಂದ್ಯಪುರುಷ. ಸಂಜೆ ಉಳಿದಿದ್ದ ಪುಳಿಯೋಗರೆಯನ್ನು ಆ ಗೆಳೆಯರೊಂದಿಗೇ ಹಂಚಿಕೊಂಡೆವು. ಒಂದಿಷ್ಟು ಗೊಣಗಿದರು, ಆದರೆ ತಿಂದರು.

ವೇಗದ ಬೌಲರನ ಮೈ ಹಳೆಯ ಮೋಟಾರಿನಂತೆ. ಒಂದು ಕಡೆ ರಿಪೇರಿ ಮಾಡಿದರೆ ಇನ್ನೊಂದು ಕಡೆ ಸದ್ದು. ಪ್ರಸಾದರು ತಂಡದ ಒಳಗೂ ಹೊರಗೂ ಓಡಾಡುವ ಕಾಲ ಬಂತು. 2001ರ ಶ್ರೀಲಂಕಾ ಪ್ರವಾಸದಲ್ಲಿ ಜಹೀರ್ ಖಾನ್ ಎಂಬ ಎಳೆಯ ಎಡಗೈ ಬೌಲರನ ಜತೆ ಚೆಂಡು ಹಂಚಿಕೊಂಡರು. ಅದೇ ಅವರ ಕೊನೆಯ ಟೆಸ್ಟ್ ಸರಣಿ. ಆಮೇಲೂ ಕರ್ನಾಟಕಕ್ಕಾಗಿ ಆಡುತ್ತ ಕಾದರು, ಕರೆ ಬರಲಿಲ್ಲ. 2005ರಲ್ಲಿ ಆಟಕ್ಕೆ ವಿದಾಯ ಹೇಳಿದರು.

ಲೆಕ್ಕ ನೋಡಿದರೆ 33 ಟೆಸ್ಟುಗಳಲ್ಲಿ 96 ವಿಕೆಟ್, 161 ಒಂದು ದಿನದ ಪಂದ್ಯಗಳಲ್ಲಿ 196 ವಿಕೆಟ್. ಒಂದು ಕಡೆ ನೂರಕ್ಕೆ ನಾಲ್ಕು ಕಡಿಮೆ, ಇನ್ನೊಂದು ಕಡೆ ಇನ್ನೂರಕ್ಕೆ ನಾಲ್ಕು ಕಡಿಮೆ. ಎರಡು ಖಾತೆಯಲ್ಲೂ ಅದೇ ನಾಲ್ಕರ ಬಾಕಿ! ನಮ್ಮಲ್ಲಿ ಪರೀಕ್ಷೆಯಲ್ಲಿ 96 ಅಂಕ ತಂದ ಮಗುವಿಗೆ "ಇನ್ನು ನಾಲ್ಕು ಎಲ್ಲಿ ಹೋಯಿತು?" ಎಂದು ಕೇಳುವ ತಂದೆತಾಯಿಗಳಿಗೇನೂ ಕೊರತೆಯಿಲ್ಲ. ಅಂಥ ಪ್ರಶ್ನೆಯನ್ನು ಎಷ್ಟು ಜನ ಪ್ರಸಾದರಿಗೂ ಕೇಳಿದರೋ. ಆ ನಾಲ್ಕು ಎಲ್ಲಿ ಹೋಯಿತೆಂಬುದಕ್ಕೆ ನಾವು ಒಂದು ಉತ್ತರ ಕಂಡುಕೊಂಡಿದ್ದೇವೆ.

ಆಟ ಬಿಟ್ಟ ಮೇಲೆ ಪ್ರಸಾದರು ಮೊದಲು ಹಿಡಿದ ದೊಡ್ಡ ಕೆಲಸ ಹುಡುಗರದು. 2006ರ ಫೆಬ್ರವರಿಯಲ್ಲಿ ಶ್ರೀಲಂಕಾದಲ್ಲಿ ನಡೆದ 19ರ ಒಳಗಿನವರ ವಿಶ್ವಕಪ್ಪಿಗೆ ಭಾರತ ತಂಡದ ಕೋಚ್ ಅವರೇ. ಆ ಹುಡುಗರ ಹೆಸರು ಕೇಳಿ: ಚೇತೇಶ್ವರ ಪೂಜಾರ, ರೋಹಿತ್ ಶರ್ಮಾ, ರವೀಂದ್ರ ಜಡೇಜ, ಪಿಯೂಷ್ ಚಾವ್ಲಾ. ಆಗ ಇವರನ್ನು ಯಾರೂ ಬಲ್ಲವರಿರಲಿಲ್ಲ. ಫೈನಲಿನಲ್ಲಿ ಪಾಕಿಸ್ತಾನವನ್ನು ಬರೀ 109ಕ್ಕೆ ಉರುಳಿಸಿದರು. ಬೌಲರ್ ಕೋಚಿಗೆ ಇದಕ್ಕಿಂತ ಸಂತೋಷವುಂಟೇ? ಆದರೆ ಭಾರತದ ಹುಡುಗರು 71ಕ್ಕೆ ಮುಗಿದುಹೋದರು. ಡರ್ಬನ್ನಿನ ಕಥೆ ಕೊಲಂಬೊದಲ್ಲಿ ಮತ್ತೆ ನಡೆದಂತಾಯಿತು. ಬೌಲರುಗಳು ಕೆಲಸ ಮುಗಿಸಿದ್ದರು, ಗೆಲುವು ಮಾತ್ರ ಬರಲಿಲ್ಲ. ಅಂಥ ಸೋಲಿನ ದಿನ ಹುಡುಗರ ಬೆನ್ನ ಮೇಲೆ ಕೈಯಿಟ್ಟು ಮಾತಾಡಲು ಡರ್ಬನ್ ಕಂಡವರಿಗಿಂತ ಅರ್ಹರು ಬೇರೆ ಯಾರು?

2007ರ ವಿಶ್ವಕಪ್ಪಿನಲ್ಲಿ ಭಾರತ ಮೊದಲ ಸುತ್ತಿನಲ್ಲೇ ಮನೆಗೆ ಬಂದಾಗ ದೊಡ್ಡವರ ತಂಡಕ್ಕೆ ಮುಖ್ಯ ಕೋಚ್ ಇಲ್ಲದಂತಾಯಿತು. ಮೇಲೆ ಮ್ಯಾನೇಜರುಗಳು ಬದಲಾಗುತ್ತಿದ್ದರು. ಬೌಲಿಂಗಿಗೆ ಪ್ರಸಾದ್, ಫೀಲ್ಡಿಂಗಿಗೆ ರಾಬಿನ್ ಸಿಂಗ್ ಎಂದು ಕೆಲಸ ಹಂಚಿಕೆಯಾಯಿತು. ಆ ಬೇಸಿಗೆಯಲ್ಲೇ ತಂಡ ಇಂಗ್ಲೆಂಡಿಗೆ ಬಂತು. ನಾಯಕ ದ್ರಾವಿಡ್. ಟ್ರೆಂಟ್ ಬ್ರಿಜ್ಜಿನಲ್ಲಿ ಜಹೀರ್ ಖಾನ್ ಎರಡೂ ಸರದಿಯಿಂದ 9 ವಿಕೆಟ್ ಕಿತ್ತು ಪಂದ್ಯ ಗೆಲ್ಲಿಸಿದರು. ಭಾರತ 1-0ರಿಂದ ಸರಣಿ ಗೆದ್ದಿತು. ಬಿನ್ನಿ ಆಡಿದ್ದ 1986ರ ನಂತರ, 21 ವರ್ಷಗಳ ಮೇಲೆ, ಈ ನೆಲದಲ್ಲಿ ಸಿಕ್ಕ ಸರಣಿ ಜಯ. ಜಹೀರರ ಪಳಗಿದ ಕೈಗೆ ಹಿಂದಿನ ವರ್ಷ ವೂಸ್ಟರ್‌ಶೈರ್ ಕೌಂಟಿಯಲ್ಲಿ ದುಡಿದ ಅನುಭವವೂ ಕಾರಣ, ಅದನ್ನು ಹೇಳದಿದ್ದರೆ ತಪ್ಪಾದೀತು. ಆದರೆ 2001ರಲ್ಲಿ ಪಕ್ಕದ ತುದಿಯಿಂದ ಬೌಲ್ ಮಾಡುತ್ತಿದ್ದವರು ಈಗ ಬೌಂಡರಿ ಗೆರೆಯಾಚೆ ನಿಂತು ಅವರ ಪ್ರತಿ ಎಸೆತವನ್ನು ನೋಡುತ್ತಿದ್ದರು.

ಬೌಲಿಂಗ್ ಕೋಚ್ ಎಂದರೆ ಏನು ಕೆಲಸ ಎಂದು ಕೇಳುವವರಿದ್ದಾರೆ. ಓಡಿ ಬರುವಾಗ ಹೆಜ್ಜೆ ತಪ್ಪುತ್ತಿದೆಯೇ, ಮುಂದಿನ ಕಾಲು ಎಲ್ಲಿ ಊರುತ್ತಿದೆ, ತಲೆ ಪಕ್ಕಕ್ಕೆ ವಾಲುತ್ತಿದೆಯೇ, ಮಣಿಕಟ್ಟು ಚೆಂಡಿನ ಹಿಂದೆ ಇದೆಯೇ, ಯಾವ ಹುಡುಗ ದಣಿದಿದ್ದಾನೆ, ಯಾವನು ದಣಿದಂತೆ ನಟಿಸುತ್ತಿದ್ದಾನೆ, ಇವೆಲ್ಲ ನೋಡಬೇಕು. ಹತ್ತು ತಪ್ಪು ಕಂಡರೂ ಒಂದನ್ನು ಮಾತ್ರ ಹೇಳಬೇಕು. ಹತ್ತನ್ನೂ ಹೇಳಿದರೆ ಹುಡುಗ ಓಡುವುದನ್ನೇ ಮರೆಯುತ್ತಾನೆ. ಮಕ್ಕಳಿಗೆ ಕನ್ನಡ ಕಲಿಸಲು ಹೊರಟ ನಮ್ಮ ಭಾನುವಾರದ ತರಗತಿಯ ತಾಯಂದಿರಿಗೆ ಈ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ.

ಈಗ ಮತ್ತೆ ಡರ್ಬನ್ನಿಗೆ ಬರೋಣ. 2007ರ ಸೆಪ್ಟೆಂಬರ್ 14, ಮೊದಲ ಟ್ವೆಂಟಿ20 ವಿಶ್ವಕಪ್, ಅದೇ ಕಿಂಗ್ಸ್‌ಮೀಡ್ ಮೈದಾನ, ಎದುರಾಳಿ ಪಾಕಿಸ್ತಾನ. ಎರಡೂ ತಂಡಗಳು 141 ಗಳಿಸಿ ಪಂದ್ಯ ಸಮವಾಯಿತು. ಆಗಿನ ನಿಯಮದಂತೆ ಬೌಲ್ ಔಟ್: ದಾಂಡಿಗನಿಲ್ಲದ ಪಿಚ್ಚಿನಲ್ಲಿ ಚೆಂಡೆಸೆದು ಸ್ಟಂಪಿಗೆ ತಾಗಿಸಬೇಕು. ಮಕ್ಕಳಾಟದಂತೆ ಕಾಣುತ್ತದೆ, ಸಾವಿರಾರು ಕಣ್ಣುಗಳ ಮುಂದೆ ಬರಿಯ ಮೂರು ಕೋಲು ಎಷ್ಟು ಸಣ್ಣದಾಗಿ ಕಾಣುತ್ತವೆಂದು ಎಸೆದವರೇ ಹೇಳಬೇಕು. ಪ್ರಸಾದರು ಅಭ್ಯಾಸದ ವೇಳೆಯಲ್ಲೇ ಇದನ್ನು ಹುಡುಗರಿಂದ ಆಡಿಸಿ, ಯಾರ ಕೈ ಗುರಿ ತಪ್ಪುವುದಿಲ್ಲವೆಂದು ಗುರುತು ಹಾಕಿಕೊಂಡಿದ್ದರು. ಧೋನಿಯವರು ಚೆಂಡು ಕೊಟ್ಟದ್ದು ದೊಡ್ಡ ವೇಗಿಗಳಿಗಲ್ಲ. ಸೆಹ್ವಾಗ್ ಎಸೆದರು, ತಾಗಿತು. ಹರ್ಭಜನ್ ಎಸೆದರು, ತಾಗಿತು. ನಮ್ಮ ರಾಬಿನ್ ಉತ್ತಪ್ಪ ಎಸೆದರು, ತಾಗಿತು; ಟೋಪಿ ತೆಗೆದು ತಲೆಬಾಗಿದರು. ಪಾಕಿಸ್ತಾನದ ಮೂವರೂ ತಪ್ಪಿದರು. ಹತ್ತು ದಿನದ ನಂತರ ಜೊಹಾನ್ಸ್‌ಬರ್ಗಿನಲ್ಲಿ ಭಾರತ ಅದೇ ಪಾಕಿಸ್ತಾನವನ್ನು 5 ರನ್ನಿನಿಂದ ಸೋಲಿಸಿ ವಿಶ್ವಕಪ್ ಗೆದ್ದಿತು. ಹತ್ತು ವಿಕೆಟ್ ಕಿತ್ತರೂ ಗೆಲುವು ಕೊಡದ ಮೈದಾನ, ಹನ್ನೊಂದು ವರ್ಷದ ಮೇಲೆ, ಒಂದು ಚೆಂಡನ್ನೂ ಎಸೆಯದ ಪ್ರಸಾದರಿಗೆ ಗೆಲುವು ಕೊಟ್ಟಿತು.

ಇನ್ನೊಂದು ಮೈದಾನದ ಋಣವೂ ಹೀಗೆಯೇ ತೀರಿತು. 2008ರ ಜನವರಿ, ಪರ್ತ್. ಗುರು ಲಿಲ್ಲಿಯವರ ಸ್ವಂತ ಅಂಗಳ. ಸತತ 16 ಟೆಸ್ಟ್ ಗೆದ್ದು ಬೀಗುತ್ತಿದ್ದ ಆಸ್ಟ್ರೇಲಿಯ. ಸಿಡ್ನಿಯ ಕಹಿ ಜಗಳದ ಬಿಸಿ ಇನ್ನೂ ಆರಿರಲಿಲ್ಲ. ಭಾರತದ ನಾಯಕ ಅನಿಲ್ ಕುಂಬ್ಳೆ, ಬೌಲಿಂಗ್ ಕೋಚ್ ಪ್ರಸಾದ್. ಮೊದಲ ಸರದಿಯಲ್ಲಿ 93 ಹೊಡೆದವರು ದ್ರಾವಿಡ್. ಕುಂಬ್ಳೆಯವರು 600ನೆಯ ಟೆಸ್ಟ್ ವಿಕೆಟ್ ಪಡೆದದ್ದೂ ಅಲ್ಲೇ. ಎಲ್ಲಕ್ಕಿಂತ ಹೆಚ್ಚಾಗಿ ಜನರ ಮನಸ್ಸಿನಲ್ಲಿ ನಿಂತದ್ದು 19 ವರ್ಷದ ಇಶಾಂತ್ ಶರ್ಮಾ ರಿಕಿ ಪಾಂಟಿಂಗರನ್ನು ಓವರಿನ ಮೇಲೆ ಓವರು ಕಾಡಿ, ಕೊನೆಗೆ ಸ್ಲಿಪ್ಪಿನಲ್ಲಿ ದ್ರಾವಿಡರ ಕೈಗೆ ಕ್ಯಾಚ್ ಕೊಡಿಸಿದ ಆ ಬೆಳಗು. 72 ರನ್ನಿನ ಗೆಲುವು. ವೇಗದ ಬೌಲರುಗಳ ಸ್ವರ್ಗವೆನ್ನಿಸಿಕೊಂಡ ಪಿಚ್ಚಿನಲ್ಲಿ ಭಾರತದ ವೇಗಿಗಳು ಗೆದ್ದರು! ಅದರಲ್ಲಿ ಪ್ರಸಾದರ ಪಾಲೆಷ್ಟೆಂದು ತೂಗುವ ತಕ್ಕಡಿ ಯಾರ ಬಳಿಯೂ ಇಲ್ಲ. ಅಂಕಪಟ್ಟಿಯಲ್ಲಿ ಕೋಚಿಗೆ ಒಂದು ಕಂಬಸಾಲು ಇರುವುದಿಲ್ಲ.

ಆದ್ದರಿಂದಲೇ ಕೋಚನ್ನು ಕಳಿಸುವುದೂ ಸುಲಭ. 2009ರ ಅಕ್ಟೋಬರಿನಲ್ಲಿ ಬೋರ್ಡು ಪ್ರಸಾದ್ ಮತ್ತು ರಾಬಿನ್ ಸಿಂಗ್ ಇಬ್ಬರನ್ನೂ ಕೈಬಿಟ್ಟಿತು. ಒಂದೂವರೆ ವರ್ಷದ ನಂತರ ಭಾರತ 2011ರ ವಿಶ್ವಕಪ್ ಗೆದ್ದಾಗ ಮುಂಬಯಿಯ ಮೈದಾನ ಸುತ್ತಿದವರಲ್ಲಿ ಪ್ರಸಾದರಿರಲಿಲ್ಲ. ಆದರೆ ಆ ಪಂದ್ಯಾವಳಿಯಲ್ಲಿ 21 ವಿಕೆಟ್ ಪಡೆದ ಜಹೀರ್ ಇದ್ದರು.

ಅವರು ಮುನಿಸಿಕೊಂಡು ಮನೆಯಲ್ಲಿ ಕೂರಲಿಲ್ಲ. 2010ರಲ್ಲಿ ಕುಂಬ್ಳೆ ಅಧ್ಯಕ್ಷರಾಗಿ, ಶ್ರೀನಾಥ್ ಕಾರ್ಯದರ್ಶಿಯಾಗಿ ಕರ್ನಾಟಕ ಕ್ರಿಕೆಟ್ ಸಂಸ್ಥೆಯ ಹೊಣೆ ಹೊತ್ತಾಗ ಪ್ರಸಾದ್ ಉಪಾಧ್ಯಕ್ಷರಾದರು. ಐಪಿಎಲ್ಲಿನಲ್ಲಿ ಬೆಂಗಳೂರು, ಚೆನ್ನೈ, ಪಂಜಾಬ್ ತಂಡಗಳ ಬೌಲರುಗಳಿಗೆ ಪಾಠ ಹೇಳಿದರು. ಕಿರಿಯರ ಆಯ್ಕೆ ಸಮಿತಿಯ ಅಧ್ಯಕ್ಷರಾದರು. 2018ರ ಫೆಬ್ರವರಿಯಲ್ಲಿ 19ರ ಒಳಗಿನವರ ವಿಶ್ವಕಪ್ಪನ್ನು ಭಾರತ ಗೆದ್ದಾಗ ಎಲ್ಲರ ಕಣ್ಣೂ ಕೋಚ್ ದ್ರಾವಿಡರ ಮೇಲಿತ್ತು, ಅದು ನ್ಯಾಯವೇ. ಆ ಹುಡುಗರನ್ನು ಆರಿಸಿಕೊಟ್ಟದ್ದು ಪ್ರಸಾದರ ಸಮಿತಿ. 2006ರಲ್ಲಿ ಕೊಲಂಬೊದಲ್ಲಿ ಕೈತಪ್ಪಿದ ಬಟ್ಟಲು ಹೀಗೆ ಮನೆಗೆ ಬಂತು.

ಎಜ್‌ಬಾಸ್ಟನ್ನಿನಲ್ಲಿ ಒಂದೇ ದಿನ ಟೆಸ್ಟ್ ಟೋಪಿ ತೊಟ್ಟ ನಾಲ್ವರನ್ನು ನೆನಪಿಡಲು ಹೇಳಿದ್ದೆವು. ಆ ಪಂದ್ಯ ಸೋತಿತ್ತು. ನಾಲ್ವರಲ್ಲಿ ಯಾರೊಬ್ಬರೂ ಟೆಸ್ಟ್ ಆಟದ ದಾಖಲೆ ಪುಸ್ತಕದ ಮೊದಲ ಪುಟಕ್ಕೆ ಬಂದವರಲ್ಲ. ಆದರೆ ನೋಡಿ: ಪ್ರಸಾದ್ ಭಾರತದ ಬೌಲಿಂಗ್ ಕೋಚ್ ಆದರು, ಮುಂದೆ ಮ್ಹಾಂಬ್ರೆಯವರೂ ಆದರು, ರಾಥೋಡ್ ಬ್ಯಾಟಿಂಗ್ ಕೋಚ್ ಆದರು, ನಮ್ಮ ಜೋಶಿಯವರು ಬಾಂಗ್ಲಾದೇಶದವರೆಗೂ ಹೋಗಿ ಸ್ಪಿನ್ ಕಲಿಸಿ, 2020ರಲ್ಲಿ ಭಾರತದ ಆಯ್ಕೆ ಸಮಿತಿಯ ಅಧ್ಯಕ್ಷರಾದರು. 2024ರಲ್ಲಿ ಭಾರತ ಮತ್ತೆ ಟ್ವೆಂಟಿ20 ವಿಶ್ವಕಪ್ ಗೆದ್ದಾಗ ಮುಖ್ಯ ಕೋಚ್ ದ್ರಾವಿಡ್, ಅವರ ಪಕ್ಕದಲ್ಲಿ ರಾಥೋಡ್ ಮತ್ತು ಮ್ಹಾಂಬ್ರೆ. ನಾಯಕ ಯಾರು? 2006ರಲ್ಲಿ ಪ್ರಸಾದರ ಕೈಕೆಳಗೆ ಸೋತು ಬಂದಿದ್ದ ರೋಹಿತ್ ಶರ್ಮಾ.

ಆ ನಾಲ್ಕು ವಿಕೆಟ್ಟು ಎಲ್ಲಿ ಹೋದವು ಎಂಬುದಕ್ಕೆ ಇದೇ ನಮ್ಮ ಉತ್ತರ. ಅವು ಬೇರೆಯವರ ಖಾತೆಯಲ್ಲಿ ಜಮೆಯಾಗಿವೆ. ಅಲ್ಲಿ ಹುಡುಕಿದರೆ ನಾಲ್ಕಲ್ಲ, ಎಷ್ಟೋ ಸಿಗಬಹುದು.

ಪ್ರಶ್ನೆ ಕೇಳಿದ ಹುಡುಗನಿಗೆ ನಾವು ಹೇಳುವುದಿಷ್ಟು. ಸೊಹೈಲನ ಸ್ಟಂಪು ಹಾರಿದ ಕಥೆಯನ್ನು ನಿನ್ನ ಮಕ್ಕಳಿಗೂ ಹೇಳು, ತಪ್ಪದೆ ಹೇಳು. ಆದರೆ ಅಲ್ಲಿಗೇ ನಿಲ್ಲಿಸಬೇಡ. ಮುಂದಿನ ಬೇಸಿಗೆಯ ವನಭೋಜನಕ್ಕೆ ಬರುವಾಗ ಒಂದು ಹಳೆಯ ಚೆಂಡು ತೆಗೆದುಕೊಂಡು ಬಾ. ಹೊಲಿಗೆಯ ಮೇಲೆ ಬೆರಳು ಹೇಗೆ ಅಡ್ಡ ಸವರಬೇಕೆಂದು ನಮಗೆ ಗೊತ್ತಿರುವಷ್ಟನ್ನು ತೋರಿಸುತ್ತೇವೆ. ನಮ್ಮ ಕೈಯಲ್ಲಿ ಅದು ಎಂದೂ ಹೊರಳಲಿಲ್ಲ. ನಿನ್ನ ಕೈಯಲ್ಲಿ ಹೊರಳಬಹುದು.